ಅಲಂಕಾರಕ್ಕೆಂದು ಉಳಿದ ಹಾರ್ಪ್

ಪ್ಯಾರಿಸ್ಸಿನ ದ್ರುವೋ ಬೀದಿಯ ಹರಾಜು ಮನೆಗೆ ಟಿಕೆಟ್ಟಿಲ್ಲ, ಕೊಳ್ಳುವವರೇ ಬರಬೇಕೆಂಬ ಕಟ್ಟುಪಾಡೂ ಇಲ್ಲ. ರಿಶೆಲ್ಯು-ದ್ರುವೋ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಬಂತು. ಒಳಗೆ ಹಲವು ಕೋಣೆಗಳು, ಗೋಡೆಗಳಿಗೆ ಕೆಂಪು ಬಟ್ಟೆ, ಪ್ರತಿ ಕೋಣೆಯಲ್ಲೂ ಯಾರದೋ ಮನೆಯ ಸಾಮಾನು. 1852ರಿಂದ ಇಲ್ಲಿ ಹರಾಜು ನಡೆಯುತ್ತಿದೆ. ಈಗಿನ ಕಟ್ಟಡ 1980ರದು. ಅದನ್ನು ಕಟ್ಟುತ್ತಿದ್ದ ವರ್ಷಗಳಲ್ಲಿ ಹರಾಜುಗಳು ನಡೆದದ್ದು ರೈಲು ನಿಂತುಹೋಗಿದ್ದ ಓರ್ಸೇ ನಿಲ್ದಾಣದಲ್ಲಿ. ಈಗ ವಾನ್ ಗೋ ಚಿತ್ರಗಳನ್ನು ನೋಡಲು ಜನ ಸಾಲುಗಟ್ಟುವ ಅದೇ ಓರ್ಸೇಯಲ್ಲಿ. ಮಾರಾಟದ ಹಿಂದಿನ ದಿನ ಎಲ್ಲವನ್ನೂ ಹರವಿಡುತ್ತಾರೆ. ಹತ್ತಿರ ಹೋಗಬಹುದು, ಬಗ್ಗಿ ನೋಡಬಹುದು, ಕೇಳಿಕೊಂಡರೆ ಮುಟ್ಟಲೂಬಹುದು. ಇಷ್ಟೊಂದು ಮ್ಯೂಸಿಯಂಗಳಿರುವ ಊರಿನಲ್ಲಿ ಹಳೆಯ ವಸ್ತುವೊಂದರ ಮೈಯನ್ನು ಕೈಯಿಂದ ಅರಿಯಲು ಸಿಕ್ಕ ಜಾಗವೆಂದು ನನಗೆ ಆ ಕಟ್ಟಡದ ಮೇಲೆ ಮಮತೆ ಹುಟ್ಟಿತು.

ನನ್ನ ಜೊತೆ ಇದ್ದವಳು ಶಿವಮೊಗ್ಗದ ಕಡೆಯ ಹುಡುಗಿ, ಪ್ಯಾರಿಸ್ಸಿನಲ್ಲೇ ಕೆಲಸದಲ್ಲಿದ್ದಾಳೆ. ಫ್ರೆಂಚ್ ಅವಳದು, ಕುತೂಹಲ ನನ್ನದು. ಸುತ್ತಿಟ್ಟ ರತ್ನಗಂಬಳಿಗಳು, ಬೆಳ್ಳಿ ಚಮಚಗಳ ಪೆಟ್ಟಿಗೆಗಳು, ಮುಳ್ಳು ನಿಂತ ಗಡಿಯಾರಗಳ ನಡುವೆ ಅದು ನಿಂತಿತ್ತು. ನನ್ನ ತಲೆಗಿಂತ ಎತ್ತರದ ಚಿನ್ನದ ಕಂಬ. ಅದರ ನೆತ್ತಿಯಲ್ಲಿ ಚೂಪು ಕಮಾನಿನ ಗೂಡುಗಳು, ಗೂಡುಗಳಲ್ಲಿ ಪುಟ್ಟ ದೇವದೂತರು. ಒಬ್ಬ ದೇವದೂತನ ರೆಕ್ಕೆ ಮುರಿದು ಒಳಗಿನ ಬಿಳಿ ಗಾರೆ ಕಾಣುತ್ತಿತ್ತು. ತಂತಿಗಳು ಅರ್ಧಕ್ಕರ್ಧ ಇರಲಿಲ್ಲ. ಇದ್ದವು ಕೂಡ ಜೋತು ಬಿದ್ದಿದ್ದವು. ಕ್ಯಾಟಲಾಗಿನಲ್ಲಿ ಎರಡೇ ಸಾಲು: ಎರಾರ್ ಹಾರ್ಪ್, ಗಾಥಿಕ್ ಶೈಲಿ, ಹತ್ತೊಂಬತ್ತನೆಯ ಶತಮಾನ, ಪೆಟ್ಟು ಬಿದ್ದಿದೆ, ಕೆಲವು ಭಾಗಗಳಿಲ್ಲ, ಅಲಂಕಾರಕ್ಕೆ.

"ಅಲಂಕಾರಕ್ಕೆ ಅಂದ್ರೆ ನುಡಿಸೋಕಾಗಲ್ಲ ಅಂತ ಅಕ್ಕಾ," ಎಂದಳು ಅವಳು. "ತಗೊಂಡ ಮೇಲೆ ಯಾರೂ ಜಗಳಕ್ಕೆ ಬರಬಾರದು ನೋಡಿ, ಮೊದಲೇ ಹೇಳಿಬಿಡ್ತಾರೆ."

ಚಿಕ್ಕಂದಿನಲ್ಲಿ ವೀಣೆ ಕಲಿತವಳು ನಾನು. ನುಡಿಸಲಾಗದ ವಾದ್ಯವನ್ನು ಕಂಡರೆ ಮೊದಲು ಬರುವ ಪ್ರಶ್ನೆ ಏಕೆ ಎಂಬುದು. ಉತ್ತರ ಸಿಕ್ಕಿದ್ದು ನೆಲದ ಮೇಲೆ ಅಂಗಾತ ಮಲಗಿ ಟಾರ್ಚ್ ಹಿಡಿದು ಹಾರ್ಪಿನ ಬುಡವನ್ನು ಪರೀಕ್ಷಿಸುತ್ತಿದ್ದ ಒಬ್ಬ ಯುವತಿಯಿಂದ. ಆಕೆ ಹಾರ್ಪ್ ನುಡಿಸುವವಳು, ಹಳೆಯ ವಾದ್ಯಗಳ ಬೆನ್ನು ಹತ್ತಿದವಳು. ನಮ್ಮ ಕುತೂಹಲ ಕಂಡು ಎದ್ದು ಕೂತು, ನನ್ನ ಅಂಗೈಯನ್ನು ಹಿಡಿದು ನಾದಫಲಕದ ಮೇಲೆ ಆನಿಸಿದಳು. ಸಪಾಟಾಗಿರಬೇಕಾದ ಸ್ಪ್ರೂಸ್ ಮರದ ತೆಳು ಹಲಗೆ ನಡುವಿನಲ್ಲಿ ಉಬ್ಬಿತ್ತು. ಹಾರ್ಪಿನ ತಂತಿಗಳು ವೀಣೆಯ ತಂತಿಗಳ ಹಾಗೆ ಹಲಗೆಯ ಉದ್ದಕ್ಕೆ ಹಾದುಹೋಗುವುದಿಲ್ಲ. ಹಲಗೆಯ ನಡುಪಟ್ಟಿಯಲ್ಲಿರುವ ತೂತುಗಳಿಂದ ಹೊರಟು ನೇರ ಮೇಲಕ್ಕೆ, ಕುತ್ತಿಗೆಯ ಬಿರಡೆಗಳಿಗೆ ಏರುತ್ತವೆ. ಅಂದರೆ ಪ್ರತಿ ತಂತಿಯೂ ಹಲಗೆಯನ್ನು ತನ್ನ ಕಡೆಗೆ ಕಿತ್ತೆಳೆಯುತ್ತಿರುತ್ತದೆ. ಈಗಿನ ದೊಡ್ಡ ಹಾರ್ಪಿನ 47 ತಂತಿಗಳ ಒಟ್ಟು ಎಳೆತ ಸುಮಾರು 900 ಕಿಲೋ. ಎರಾರ್ ಹಾರ್ಪ್‌ಗಳು ಇದಕ್ಕಿಂತ ಹಗುರ, ಅವುಗಳ ಎಳೆತವೂ ಕಡಿಮೆ. ಆದರೂ ಹಗಲಿರುಳೂ, ಯಾರೂ ನುಡಿಸದಿದ್ದಾಗಲೂ, ದಶಕಗಟ್ಟಲೆ ಆ ಎಳೆತ ಇದ್ದೇ ಇರುತ್ತದೆ. ಹಲಗೆ ಉಬ್ಬುತ್ತದೆ, ಕುತ್ತಿಗೆ ಒಂದು ಪಕ್ಕಕ್ಕೆ ವಾಲುತ್ತದೆ, ಕೊನೆಗೆ ಎಲ್ಲೋ ಒಂದು ಕಡೆ ಅಂಟು ಬಿಡುತ್ತದೆ. ಯಾರೂ ಬೀಳಿಸದೆ, ಒಡೆಯದೆ, ಶ್ರುತಿಯಲ್ಲಿ ನಿಲ್ಲುವ ಕೆಲಸವೇ ಈ ವಾದ್ಯವನ್ನು ಸವೆಸುತ್ತದೆ. ಅಂಗೈಯಡಿ ಆ ಉಬ್ಬು ತಿಳಿದಾಗ ನನ್ನ ಗಂಟಲು ಕಟ್ಟಿತು.

ಆಕೆ ಆಮೇಲೆ ತೋರಿಸಿದ್ದು ಕುತ್ತಿಗೆಯ ಪಕ್ಕದ ಹಿತ್ತಾಳೆ ಪಟ್ಟಿಯನ್ನು. ಕೆತ್ತಿದ ಹೆಸರು, ಒಂದು ಸಂಖ್ಯೆ, ಕೆಳಗೆ ಸಾಲುಸಾಲು ಪುಟ್ಟ ಬಿಲ್ಲೆಗಳು, ಪ್ರತಿ ಬಿಲ್ಲೆಯಲ್ಲೂ ಎರಡು ಮೊಳೆ. ಎರಾರ್‌ಗೆ ಲೋಕದಲ್ಲಿ ಹೆಸರು ತಂದದ್ದು ಈ ಬಿಲ್ಲೆಗಳೇ. ಸೆಬಾಸ್ತಿಯನ್ ಎರಾರ್ 1752ರಲ್ಲಿ ಸ್ಟ್ರಾಸ್‌ಬೂರ್ಗ್‌ನಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದವನು. ಹದಿಹರೆಯದಲ್ಲೇ ಪ್ಯಾರಿಸ್ಸಿಗೆ ಬಂದು ಪಿಯಾನೋ ಮಾಡುವುದರಲ್ಲಿ ಪಳಗಿದ. ರಾಣಿ ಮರೀ ಆಂತ್ವಾನೆತ್‌ಗೂ ಒಂದು ಪಿಯಾನೋ ಮಾಡಿಕೊಟ್ಟ. ಕ್ರಾಂತಿಯ ದಿನಗಳಲ್ಲಿ ಅರಮನೆಯ ನಂಟು ಕುತ್ತಿಗೆಗೆ ಬರುವಂಥದ್ದು. ಲಂಡನ್ನಿಗೆ ಹೋಗಿ ಅಲ್ಲಿ ಅಂಗಡಿ ತೆರೆದ. 1794ರಲ್ಲಿ ಹಾರ್ಪಿಗೆ ಮೊದಲ ಪೇಟೆಂಟ್, 1810ರಲ್ಲಿ ಅದಕ್ಕಿಂತ ದೊಡ್ಡದು.

ಆ 1810ರ ಉಪಾಯವನ್ನು ನಮ್ಮ ಸಂಗೀತದ ಕಿವಿಗೆ ಹೀಗೆ ಹೇಳಬಹುದು. ವೀಣೆಯಲ್ಲಿ ಒಂದೇ ತಂತಿಯ ಮೇಲೆ ಬೆರಳು ಜಾರಿಸಿ ಎಲ್ಲ ಸ್ವರಗಳನ್ನೂ ಹುಡುಕಿಕೊಳ್ಳುತ್ತೇವೆ. ಹಾರ್ಪಿನಲ್ಲಿ ಒಂದು ತಂತಿಗೆ ಒಂದೇ ಸ್ವರ. ರಿಷಭವನ್ನು ಅರ್ಧ ಸ್ವರ ಏರಿಸಬೇಕೆಂದರೆ ತಂತಿಯನ್ನು ಯಾರಾದರೂ ಗಿಡ್ಡ ಮಾಡಬೇಕು, ಎರಡೂ ಕೈ ಮೀಟುವುದರಲ್ಲಿ ಮುಳುಗಿರುವಾಗ. ಆ ಕೆಲಸ ಕಾಲಿನದಾಯಿತು. ಬುಡದಲ್ಲಿ ಸಪ್ತಸ್ವರಗಳಿಗೆ ಏಳು ಪೆಡಲ್. ರಿಷಭದ ಪೆಡಲ್ ಒತ್ತಿದರೆ ಟೊಳ್ಳು ಕಂಬದೊಳಗಿನ ಸರಳು ಎಳೆಯುತ್ತದೆ, ಎಲ್ಲ ಸ್ಥಾಯಿಗಳ ರಿಷಭದ ತಂತಿಗಳೂ ಒಟ್ಟಿಗೆ ಏರುತ್ತವೆ. ಪೆಡಲ್ ಇದ್ದ ಹಾರ್ಪ್‌ಗಳು ಎರಾರ್‌ಗಿಂತ ಮೊದಲೂ ಇದ್ದವು. ಆದರೆ ಅವುಗಳ ಕೊಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆದು ಕಿರುಗುಟ್ಟಿಸುತ್ತಿತ್ತು, ಆಗಾಗ ತುಂಡರಿಸುತ್ತಿತ್ತು. ಎರಾರ್ ಕೊಕ್ಕೆಯ ಬದಲು ತಿರುಗುವ ಬಿಲ್ಲೆ ತಂದ. ಅದರ ಎರಡು ಮೊಳೆಗಳು ತಂತಿಯನ್ನು ಇದ್ದ ಜಾಗದಲ್ಲೇ ಬಿಗಿಯಾಗಿ ಹಿಡಿಯುತ್ತವೆ. 1810ರಲ್ಲಿ ಇನ್ನೊಂದು ಸಾಲು ಬಿಲ್ಲೆ ಸೇರಿಸಿ, ಪ್ರತಿ ಪೆಡಲ್ಲಿಗೆ ಎರಡು ಮೆಟ್ಟಿಲು ಕೊಟ್ಟ. ಈಗ ಒಂದೇ ತಂತಿಯಲ್ಲಿ ಮೂರು ಸ್ವರ. ಇವತ್ತಿನ ಆರ್ಕೆಸ್ಟ್ರಾ ಹಾರ್ಪ್‌ಗಳೂ ನಡೆಯುವುದು ಇದೇ ತತ್ವದ ಮೇಲೆ.

ಗಾಥಿಕ್ ಮಾದರಿ ಬಂದದ್ದು 1835ರ ಹೊತ್ತಿಗೆ, ಸೆಬಾಸ್ತಿಯನ್ ತೀರಿಕೊಂಡ ಮೇಲೆ, ಅವನ ಅಣ್ಣನ ಮಗ ಪಿಯೆರ್ ಕಾಲದಲ್ಲಿ. ಹಿಂದಿನ ಮಾದರಿಯ 43 ತಂತಿ ಇದರಲ್ಲಿ 46 ಆಯಿತು. ಗ್ರೀಕ್ ದೇವತೆಗಳು ಹೋಗಿ ದೇವದೂತರು ಬಂದರು. ಹ್ಯೂಗೋನ ನೋತ್ರ್ ದಾಮ್ ಕಾದಂಬರಿ 1831ರಲ್ಲಿ ಬಂದಿತ್ತು. ಮಧ್ಯಯುಗದ ಚರ್ಚುಗಳ ಮೇಲೆ ಇಡೀ ಊರಿಗೆ ಹೊಸ ಮೋಹ ಹುಟ್ಟಿದ್ದ ಕಾಲ ಅದು. ದಿವಾನಖಾನೆಯ ವಾದ್ಯವೂ ಪುಟ್ಟ ಚರ್ಚಿನ ಗೋಪುರವನ್ನು ತಲೆಯ ಮೇಲೆ ಹೊತ್ತುಕೊಂಡಿತು. ಆ ಅಲಂಕಾರವೆಲ್ಲ ಮರದ ಕೆತ್ತನೆಯಲ್ಲ. ಅಚ್ಚಿನಲ್ಲಿ ಒತ್ತಿ ತೆಗೆದ ಗಾರೆಯ ಮೇಲೆ ಚಿನ್ನದ ರೇಕು. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ರೇಕು ಕೂರಿಸುವುದನ್ನು ನೋಡಿದವರಿಗೆ ಈ ಕೈಚಳಕದ ಬೆಲೆ ಹೇಳಿಕೊಡಬೇಕಿಲ್ಲ.

ಹರಾಜು ಮರುದಿನ ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ. ಎತ್ತರದ ಮೇಜಿನ ಹಿಂದೆ ಹರಾಜುಗಾರ, ಪಕ್ಕದಲ್ಲಿ ತಜ್ಞ, ಫೋನುಗಳಿಗೆ ಕಿವಿ ಕೊಟ್ಟ ಗುಮಾಸ್ತರು, ಆನ್‌ಲೈನ್ ಸವಾಲುಗಳ ಪರದೆ. ಸಾಮಾನು ಎತ್ತಿ ತೋರಿಸುವ ಆಳುಗಳನ್ನು ನೋಡುವಾಗ ಗೆಳತಿ ಹಿಂದಿನ ಕಥೆ ಹೇಳಿದಳು. 1860ರಲ್ಲಿ ಸವ್ವಾ ಪ್ರಾಂತ ಫ್ರಾನ್ಸಿಗೆ ಸೇರಿದಾಗಿನಿಂದ ಈ ಹೊರುವ ಕೆಲಸ ಆ ಬೆಟ್ಟದ ಸೀಮೆಯವರದ್ದೇ ಹಕ್ಕಾಗಿತ್ತು. ಕಪ್ಪು ಅಂಗಿ, ಕೆಂಪು ಕಾಲರು. ಈಗ ಆ ಪದ್ಧತಿ ಇಲ್ಲ.

ಒಂದೊಂದು ವಸ್ತುವಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ನಮ್ಮ ದೇವಸ್ಥಾನದ ಹರಾಜುಗಳಲ್ಲಿ ಒಂದು ಸಲ, ಎರಡು ಸಲ ಎಂದು ಎಳೆದು ಎಳೆದು ಕೂಗುವ ಸಾವಧಾನ ಅಲ್ಲಿಲ್ಲ. ಆದರೆ ಒಂದು ವಿಚಿತ್ರ ನಿಯಮವಿದೆ, ನನಗೆ ಬಹಳ ಹಿಡಿಸಿದ್ದು. ಸುತ್ತಿಗೆ ಬಿದ್ದು, "ಅಜ್ಯೂಜೆ" ಎಂದು ಹರಾಜುಗಾರ ಘೋಷಿಸಿದ ಮೇಲೂ, ಸಭೆಯ ಹಿಂದಿನಿಂದ ಸರಕಾರದ ಪ್ರತಿನಿಧಿ ಎದ್ದು ನಿಂತು ಇದು ದೇಶದ ಮ್ಯೂಸಿಯಂಗೆ ಬೇಕು ಎಂದರೆ, ಗೆದ್ದವನು ಕೂಗಿದ ಅದೇ ಬೆಲೆಗೆ ವಸ್ತು ಸರಕಾರದ ಪಾಲು. 1921ರಿಂದ ಇರುವ ಕಾನೂನು. ಮನಸ್ಸು ಗಟ್ಟಿ ಮಾಡಿಕೊಳ್ಳಲು ಸರಕಾರಕ್ಕೆ ಹದಿನೈದು ದಿನ ಅವಕಾಶ. ನಮ್ಮಲ್ಲಿ ಹಳೆಯ ಮನೆಗಳ ಕಂಬ, ತೊಟ್ಟಿಲು, ತಾಳೆಗರಿ, ವೀಣೆಗಳು ಗುಜರಿಯವರ ತಕ್ಕಡಿಗೆ ಹೋಗುವಾಗ ಹೀಗೆ ಎದ್ದು ನಿಲ್ಲುವ ಅಧಿಕಾರ ಒಬ್ಬರಿಗಾದರೂ ಇದ್ದಿದ್ದರೆ ಎಂದು ಆಸೆಯಾಯಿತು.

ಹಾರ್ಪಿನ ಸರದಿಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಆ ಮಾದರಿಯವು ಮ್ಯೂಸಿಯಂಗಳಲ್ಲಿ ಸಾಕಷ್ಟಿವೆ. ಟಾರ್ಚಿನ ಯುವತಿ ಕೈ ಎತ್ತಿದಳು, ಮತ್ತೆ ಎತ್ತಿದಳು, ಆಮೇಲೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಸುತ್ತಿಗೆಯ ಬೆಲೆಯ ಮೇಲೆ ಹರಾಜು ಮನೆಯ ಶುಲ್ಕ, ಆಮೇಲೆ ರಿಪೇರಿಗೆ ವಾದ್ಯದ ಬೆಲೆಯನ್ನೇ ಮೀರುವ ಖರ್ಚು, ಅಷ್ಟನ್ನೂ ಅವಳು ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಗೆದ್ದವನು ಮನೆಗಳ ಒಳಾಂಗಣ ಸಿಂಗರಿಸುವ ವ್ಯಾಪಾರಿ. ಹಜಾರವೊಂದರ ಮೂಲೆಗೆ ಬೇಕಾಗಿತ್ತಂತೆ.

ಆ ಸಂಜೆ ನನಗೆ ಬಂದ ಕೋಪ ದೊಡ್ಡದು. ನಾದದ ವಸ್ತುವೊಂದನ್ನು ಹೂಜಿಯ ಹಾಗೆ ಮೂಲೆಯಲ್ಲಿ ನಿಲ್ಲಿಸುವುದೇ ಎಂದು. ಆ ಕೋಪವನ್ನು ಹೊತ್ತೇ ಮೇಲ್ ಬೀದಿಗೆ ಹೋದೆ. ದ್ರುವೋದಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಯ 13ನೇ ನಂಬರಿನ ಕಟ್ಟಡ ಎರಾರ್ ಕಂಪನಿಯ ಮನೆಯಾಗಿತ್ತು. ಒಳಗೊಂದು ಕಛೇರಿ ಸಭಾಂಗಣವೂ ಇತ್ತು. 1823ರ ಡಿಸೆಂಬರಿನಲ್ಲಿ ಹಂಗೆರಿಯಿಂದ ಬಂದ ಹನ್ನೆರಡು ವರ್ಷದ ಹುಡುಗ ಫ್ರಾನ್ಸ್ ಲಿಸ್ಟ್‌ಗೆ ಈ ಮನೆಯವರು ಪಿಯಾನೋ ಕೊಟ್ಟರು, ಆಸರೆ ಕೊಟ್ಟರು. ಮುಂದೆ ಲೋಕಪ್ರಸಿದ್ಧನಾದ ಮೇಲೂ ಪ್ಯಾರಿಸ್ಸಿಗೆ ಬಂದಾಗ ಅವನು ಇಲ್ಲಿ ಇಳಿದುಕೊಳ್ಳುತ್ತಿದ್ದನೆಂದು ಗೋಡೆಯ ಫಲಕ ಹೇಳುತ್ತದೆ. ಫಲಕ ಓದಿ, ಫೋಟೋ ತೆಗೆದುಕೊಂಡು ಬಂದೆವು. ಬೀದಿಯಲ್ಲಿ ನೋಡಲು ಬೇರೇನೂ ಇಲ್ಲ.

ನನ್ನ ಕೋಪ ಕರಗಿದ್ದು ಲಾ ವಿಲೆಟ್‌ನಲ್ಲಿ. ಊರಿನ ಈಶಾನ್ಯದ ಅಂಚಿನ ಆ ಬಯಲಿನಲ್ಲಿ ಒಂದು ಕಾಲಕ್ಕೆ ಕಸಾಯಿಖಾನೆಗಳಿದ್ದವು. ಈಗ ಸಂಗೀತ ವಿದ್ಯಾಲಯ, ಫಿಲ್‌ಹಾರ್ಮನಿ, 1997ರಲ್ಲಿ ತೆರೆದ ಸಂಗೀತ ಮ್ಯೂಸಿಯಂ. ಹದಿನೆಂಟನೆಯ ಶತಮಾನದ ಹಾರ್ಪ್‌ಗಳ ಮುಂದೆ ನಿಂತೆ. ನಾದರ್ಮಾನ್, ಕೂಸಿನೋ ಕುಟುಂಬಗಳ ಕೆಲಸ. ನಾದಫಲಕದ ಮೇಲೆ ಹೂವಿನ ಚಿತ್ರ, ಕಂಬಕ್ಕೆ ಸುತ್ತಿದ ಕೆತ್ತನೆಯ ಬಳ್ಳಿ. ಮರೀ ಆಂತ್ವಾನೆತ್ ಹಾರ್ಪ್ ನುಡಿಸುತ್ತಿದ್ದಳು, ಆದ್ದರಿಂದ ದೊಡ್ಡ ಮನೆಯ ಹೆಣ್ಣುಮಕ್ಕಳೆಲ್ಲ ನುಡಿಸಬೇಕಾಯಿತು. 1778ರಲ್ಲಿ ಮೊಜಾರ್ಟ್ ಕೊಳಲು ಮತ್ತು ಹಾರ್ಪಿಗೆಂದು ಬರೆದ ಕನ್ಚೆರ್ಟೋ ಇಂಥದೇ ಒಂದು ಮನೆಗೆ: ಕೊಳಲು ಗೀನ್ ಮನೆತನದ ಡ್ಯೂಕ್‌ಗೆ, ಹಾರ್ಪ್ ಅವನ ಮಗಳಿಗೆ. ಹಣ ಮಾತ್ರ ಮೊಜಾರ್ಟ್ ಕೈಗೆ ಸರಿಯಾಗಿ ಸೇರಲಿಲ್ಲ.

ಆಮೇಲೆ ಕ್ರಾಂತಿ ಬಂತು. 1793ರ ಆಗಸ್ಟಿನಿಂದ ಒಂದು ವರ್ಷ ವರ್ಸಾಯ್ ಅರಮನೆಯ ಸಾಮಾನುಗಳ ಹರಾಜು, 17,182 ಸರಕುಗಳು. ಓಡಿಹೋದವರ, ತಲೆ ಕಡಿಸಿಕೊಂಡವರ ಮನೆಗಳಿಂದ ಜಪ್ತಿಯಾದ ವಾದ್ಯಗಳನ್ನು ಪಟ್ಟಿ ಮಾಡಲು ಬ್ರೂನಿ ಎಂಬ ವಯಲಿನ್ ವಾದಕನನ್ನು ನೇಮಿಸಿದರು. ಸಂಗೀತಗಾರನೊಬ್ಬ ಬೀಗಮುದ್ರೆ ಬಿದ್ದ ಮನೆಗಳಿಗೆ ಹೋಗಿ, ಈ ಮನೆಯಲ್ಲಿ ಪಿಯಾನೋ, ಆ ಮನೆಯಲ್ಲಿ ಹಾರ್ಪ್, ಮಾಡಿದವರ ಹೆಸರು, ಯಜಮಾನರ ಹೆಸರು ಎಂದು ಬರೆದುಕೊಳ್ಳುತ್ತಾ ಹೋದ. ನನಗೆ ಗೊತ್ತಿರುವ ವಾದ್ಯಪಟ್ಟಿಗಳಲ್ಲಿ ಇದಕ್ಕಿಂತ ಸಂಕಟದ್ದು ಇನ್ನೊಂದಿಲ್ಲ. ಹೀಗೆ ಕೂಡಿಬಂದ ವಾದ್ಯಗಳು 1795ರಲ್ಲಿ ಹುಟ್ಟಿದ ಸಂಗೀತ ವಿದ್ಯಾಲಯಕ್ಕೆ ಸೇರಿದವು. ಅವುಗಳಲ್ಲಿ ಹಾರ್ಪ್ಸಿಕಾರ್ಡ್‌ಗಳೂ ಇದ್ದವು. ಪಿಯಾನೋ ಬಂದ ಮೇಲೆ ಅವನ್ನು ಕೇಳುವವರಿರಲಿಲ್ಲ. 1816ರ ಕೊರೆಯುವ ಚಳಿಯಲ್ಲಿ ತರಗತಿಗಳನ್ನು ಬೆಚ್ಚಗಿಡಲು ಅವನ್ನು ಒಡೆದು ಒಲೆಗೆ ಹಾಕಿದರು. ಸಂಗೀತ ಕಲಿಸುವವರೇ ಹಾಕಿದರು.

ಅಲ್ಲಿ ನಿಂತಾಗ ನನಗೆ ಹೊಳೆಯಿತು. ಒಂದು ವಾದ್ಯದ ಆಯುಷ್ಯದಲ್ಲಿ ಅಪಾಯದ ಕಾಲವೆಂದರೆ ಅದು ಕೆಲಸಕ್ಕೆ ಬಾರದಾದ ಮೊದಲ ಐವತ್ತು ವರ್ಷ. ಆಗ ಅದು ಪುರಾತನವಲ್ಲ, ಬರೀ ಹಳೆಯದು. ಆಗ ಅದನ್ನು ಉಳಿಸಲು ಜ್ಞಾನಿಗಳು ಬರುವುದಿಲ್ಲ, ಮ್ಯೂಸಿಯಂ ಬರುವುದಿಲ್ಲ, ಸಂಗೀತಗಾರರಂತೂ ಹೊಸದರ ಹಿಂದೆ ಹೋಗಿರುತ್ತಾರೆ. ತಂತಿ ಹರಿದ ಎರಾರ್ ಹಾರ್ಪನ್ನು ಯಾರೂ ಒಲೆಗೆ ಹಾಕಲಿಲ್ಲವೆಂದರೆ, ಅದರ ಕಂಬ ಚಿನ್ನದ್ದಾಗಿತ್ತು, ನೆತ್ತಿಯಲ್ಲಿ ದೇವದೂತರಿದ್ದರು, ಕಿಟಕಿಯ ಪಕ್ಕ ನಿಂತರೆ ಕೋಣೆಗೆ ಕಳೆ ಬರುತ್ತಿತ್ತು. ಕಿವಿಗೆ ಬೇಡವಾದದ್ದನ್ನು ಕಣ್ಣು ಕಾಪಾಡಿಕೊಂಡು ಬಂತು. ಇಂದು ಆ ಕಾಲದ ಹಾರ್ಪ್‌ಗಳ ಮೇಲೆಯೇ ಆ ಕಾಲದ ಸಂಗೀತ ನುಡಿಸುವ ಕಲಾವಿದರಿದ್ದಾರೆ. ಒಂದು ಉದಾಹರಣೆ: 1904ರಲ್ಲಿ ಪ್ಲೆಯೆಲ್ ಕಂಪನಿ ಪೆಡಲ್ ಇಲ್ಲದ, ಎರಡು ಸಾಲು ತಂತಿಗಳು ಕತ್ತರಿಯಂತೆ ಹಾಯುವ ತನ್ನ ಹೊಸ ಹಾರ್ಪಿಗಾಗಿ ದೆಬ್ಯುಸಿಯಿಂದ ಸಂಗೀತ ಬರೆಸಿತು; ಮರುವರ್ಷವೇ ಎರಾರ್ ಕಂಪನಿ ತನ್ನ ಪೆಡಲ್ ಹಾರ್ಪಿನ ಮಾನ ಕಾಯಲು ರವೆಲ್‌ನಿಂದ ಹಾರ್ಪ್, ಕೊಳಲು, ಕ್ಲಾರಿನೆಟ್, ನಾಲ್ಕು ತಂತಿವಾದ್ಯಗಳ ಒಂದು ಕೃತಿ ಬರೆಸಿತು. ಆ ಕೃತಿಯನ್ನು ಇವತ್ತಿನ ಭಾರದ ಹಾರ್ಪಿನಲ್ಲಿ ಕೇಳಿದ್ದೆ. ಹಗುರ ಮೈಯ ಎರಾರ್‌ನಲ್ಲಿ ನುಡಿಸಿದ ಮುದ್ರಣವನ್ನು ಆ ಯುವತಿ ಹೇಳಿದ ಮೇಲೆ ಹುಡುಕಿ ಕೇಳಿದೆ. ಕೆಳಸ್ಥಾಯಿಯ ತಂತಿಗಳು ಕೊಳಲಿನ ಮೇಲೆ ಬೀಳುವುದಿಲ್ಲ, ಮೀಟು ಮೀಟಿನ ಅಂಚು ತಿಳಿಯುತ್ತದೆ. ಆ ಶಬ್ದ ನಮಗೆ ದಕ್ಕಿದ್ದರ ಹಿಂದೆ, ನುಡಿಸಲು ಬಾರದೆಯೂ ಹಾರ್ಪನ್ನು ಹಜಾರದಲ್ಲಿ ಇಟ್ಟುಕೊಂಡ ನೂರಾರು ಮನೆಗಳ ಋಣವಿದೆ.

ನಮ್ಮ ದೇಶದ ಕಥೆ ನೆನೆದರೆ ಈ ಋಣ ಇನ್ನೂ ಸ್ಪಷ್ಟ. ಹಾರ್ಪ್ ನಮಗೆ ಪರಕೀಯವಲ್ಲ. ಭಾರ್ಹುತದ ಕಲ್ಲಿನಲ್ಲಿ ಬಿಲ್ಲಿನಾಕಾರದ ಹಾರ್ಪ್ ಇದೆ. ನಾಲ್ಕನೆಯ ಶತಮಾನದ ಸಮುದ್ರಗುಪ್ತ ತನ್ನ ಚಿನ್ನದ ನಾಣ್ಯದಲ್ಲಿ ಮಂಚದ ಮೇಲೆ ಕೂತು ನುಡಿಸುವ ವೀಣೆ ಇವತ್ತಿನ ವೀಣೆಯಲ್ಲ, ಬಿಲ್ಲಿನಂತೆ ಬಾಗಿದ ಹಾರ್ಪ್. ತಮಿಳಿನ ಹಳೆಯ ಕಾವ್ಯಗಳ ತುಂಬ ಯಾೞ್ ಎಂಬ ಹಾರ್ಪ್ ಇದೆ. ಸ್ವಾಮಿ ವಿಪುಲಾನಂದರು ಅದರ ಶ್ರುತಿ, ರೂಪಗಳನ್ನು ಗ್ರಂಥಗಳಿಂದ ಲೆಕ್ಕ ಹಾಕಿ ಹುಡುಕಿ 1947ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಆ ರಾಜರ, ಕವಿಗಳ ಕಾಲದ ವಾದ್ಯ ಮಾತ್ರ ಕೈಗೆ ಸಿಗುವುದಿಲ್ಲ. ಮರ ಮಣ್ಣಾಯಿತು, ಕಲ್ಲು ಮತ್ತು ನಾಣ್ಯ ಉಳಿದವು. ಮಧ್ಯಪ್ರದೇಶದ ಪರ್ಧಾನರ ಪುಟ್ಟ ಬೀನ್ ಬಾಜಾದಲ್ಲಿ, ಬರ್ಮಾದ ಸೌಂಗ್‌ನಲ್ಲಿ ಆ ವಂಶದ ಕುಡಿಗಳು ಜೀವ ಹಿಡಿದಿವೆ. ಸಮುದ್ರಗುಪ್ತನ ಹಾರ್ಪ್ ಹೇಗೆ ನುಡಿಯುತ್ತಿತ್ತೆಂದು ಕೇಳಲು ನಾವು ಬರ್ಮಾದ ಕಡೆಗೆ ಕಿವಿ ತಿರುಗಿಸಬೇಕಾಗಿದೆ.

ಮ್ಯೂಸಿಯಂನಿಂದ ಹೊರಬಂದವಳು ಗೆಳತಿಯನ್ನು ಕಾಫಿ ಅಂಗಡಿಯಲ್ಲಿ ಕೂರಿಸಿ ಒಂದು ಕಾಗದ ಬರೆಸಿದೆ. ಹಾರ್ಪ್ ಕೊಂಡ ವ್ಯಾಪಾರಿಗೆ, ಹರಾಜು ಮನೆಯ ಮೂಲಕ. "ಅವನಿಗೆ ಯಾಕಕ್ಕಾ ಇದೆಲ್ಲ?" ಎಂದಳು. "ಬರಿ ಮಾರಾಯ್ತಿ, ಓದಿದರೆ ಓದಲಿ," ಎಂದೆ. ಟಾರ್ಚಿನ ಯುವತಿ ಹೇಳಿದ್ದನ್ನೇ ಒಂದೊಂದಾಗಿ ಬರೆಸಿದೆ. ದಯವಿಟ್ಟು ಉಳಿದ ತಂತಿಗಳನ್ನು ಕತ್ತರಿಸಬೇಡಿ, ಆದರೆ ಚೆಂದ ಕಾಣಲೆಂದು ಬಿಗಿಯಲೂ ಬೇಡಿ, ಸಡಿಲವಾಗಿಯೇ ಇರಲಿ. ಕೋಣೆ ಕಾಯಿಸುವ ಹೀಟರಿನ ಹತ್ತಿರ, ಬಿಸಿಲು ನೇರ ಬೀಳುವ ಕಡೆ ನಿಲ್ಲಿಸಬೇಡಿ. ದೀಪ ಸಿಕ್ಕಿಸಲು ಕಂಬಕ್ಕೆ ತೂತು ಕೊರೆಯಬೇಡಿ, ಅದರೊಳಗೆ ಪೆಡಲ್ ಸರಳುಗಳಿವೆ. ಮುರಿದ ರೆಕ್ಕೆಯ ಚೂರು ಸಿಕ್ಕರೆ ಎಸೆಯದೆ ಒಂದು ಡಬ್ಬಿಯಲ್ಲಿಡಿ. ಹಿತ್ತಾಳೆಯನ್ನು ಫಳಫಳಿಸುವಂತೆ ಉಜ್ಜಬೇಡಿ, ಸಂಖ್ಯೆ ಸವೆದುಹೋದೀತು. ಎರಾರ್ ಕಂಪನಿಯ ಮಾರಾಟದ ಪುಸ್ತಕಗಳಲ್ಲಿ ಪ್ಯಾರಿಸ್ಸಿನವು ಲಾ ವಿಲೆಟ್‌ನ ಮ್ಯೂಸಿಯಂನಲ್ಲಿವೆ, ಲಂಡನ್ ಹಾರ್ಪ್‌ಗಳವು ಅಲ್ಲಿಯ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿವೆ. ಕಂಪ್ಯೂಟರಿನಲ್ಲೇ ಪುಟ ತಿರುಗಿಸಿ ನೋಡಬಹುದು. ನಿಮ್ಮ ಹಾರ್ಪಿನ ಸಂಖ್ಯೆ ಹಿಡಿದು ಹುಡುಕಿದರೆ ಅದನ್ನು ಮೊದಲು ಮನೆಗೆ ಕೊಂಡೊಯ್ದವರ ಹೆಸರು ಸಿಕ್ಕೀತು. ಗೆಳತಿ ಕೊನೆಯಲ್ಲಿ ತಾನಾಗಿಯೇ ಇನ್ನೊಂದು ಸಾಲು ಸೇರಿಸಿದಳು: ಮುಂದೆಂದಾದರೂ ಮಾರುವುದಾದರೆ, ಹರಾಜಿನಲ್ಲಿ ಕೈ ಎತ್ತಿ ಇಳಿಸಿದ ಆ ಯುವತಿಗೆ ಮೊದಲು ತಿಳಿಸಿ, ಆಕೆಯ ವಿಳಾಸ ಹರಾಜು ಮನೆಯವರ ಬಳಿ ಇದೆ.